ಎದುರಿನವರು ಲೈಟ್ ಹೊಡೆಯುತ್ತಿದ್ದಾರಾ? ಕಾರಿನ ಹೆಡ್‌ಲೈಟ್ ಎತ್ತರದ ದೋಷ ಹುಡುಕುವ ಕೈಪಿಡಿ

ಹೆಡ್‌ಲೈಟ್ ಮೇಲಕ್ಕೆ ಹೊಡೆಯುತ್ತಿದೆ ಅಂತ ಯಾರಾದರೂ ಹೇಳಿದ ಕೂಡಲೇ ಬಹಳ ಜನ ಬಾನೆಟ್ ಎತ್ತಿ ಸ್ಕ್ರೂಡ್ರೈವರ್ ಹಾಕುತ್ತಾರೆ. ಲೈಟಿನ ಎತ್ತರ ಹೊಂದಿಸುವ ಆ ಸ್ಕ್ರೂ ತಾನಾಗಿ ತಿರುಗಿ ಜಾಗ ಬಿಡುವುದು ತೀರಾ ಅಪರೂಪ. ಬದಲಾಗುವುದು ಬೇರೆ: ಕಾರು ನಿಂತಿರುವ ಭಂಗಿ, ಬಲ್ಬು ಕೂತಿರುವ ರೀತಿ, ಲೈಟನ್ನು ಕಾರಿನ ಮೈಗೆ ಹಿಡಿದಿರುವ ಪ್ಲಾಸ್ಟಿಕ್ ಕಿವಿಗಳು. ಇವನ್ನು ನೋಡದೆ ಸ್ಕ್ರೂ ತಿರುಗಿಸಿದರೆ ಮೂಲ ದೋಷ ಹಾಗೇ ಉಳಿಯುತ್ತದೆ, ಸರಿಯಿದ್ದ ಸೆಟ್ಟಿಂಗೂ ಕೆಡುತ್ತದೆ. ಸ್ಕ್ರೂ ಕೊನೆಯ ಕೆಲಸ. ಈ ಬರಹದಲ್ಲೂ ಅದು ಕೊನೆಗೇ ಬರುತ್ತದೆ.

ಒಂದು ಸಣ್ಣ ಲೆಕ್ಕ ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭ. ಲೋ ಬೀಮ್ (ಡಿಮ್ ಲೈಟು) ಸುಮಾರು ಶೇ. 1ರಷ್ಟು ಕೆಳಕ್ಕೆ ಬಾಗಿರಬೇಕು. ಅಂದರೆ ಪ್ರತಿ 10 ಮೀಟರಿಗೆ 10 ಸೆಂ.ಮೀ. ಇಳಿತ. ಲೈಟು ನೆಲದಿಂದ 65 ಸೆಂ.ಮೀ. ಎತ್ತರದಲ್ಲಿದ್ದರೆ ಬೆಳಕಿನ ಮೇಲಂಚು 65 ಮೀಟರ್ ಮುಂದೆ ರಸ್ತೆ ಮುಟ್ಟುತ್ತದೆ. ಈಗ ಕಾರಿನ ಉದ್ದ ನೋಡಿ. ಸ್ವಿಫ್ಟ್‌ನಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 2450 ಮಿ.ಮೀ. ಮುಂಭಾಗಕ್ಕಿಂತ ಹಿಂಭಾಗ ಬರೀ 25 ಮಿ.ಮೀ. ಹೆಚ್ಚು ಕುಸಿದರೆ ಆ ಶೇ. 1 ಪೂರ್ತಿ ಹೋಯಿತು, ಬೆಳಕು ನೇರ ಎದುರಿನವರ ಕಣ್ಣಿಗೆ. ಊರಿಂದ 50 ಕೆ.ಜಿ.ಯ ಎರಡು ರಾಗಿ ಮೂಟೆ ಡಿಕ್ಕಿಗೆ ಹಾಕಿ, ಹಿಂದಿನ ಸೀಟಿನಲ್ಲಿ ಮೂವರು ಕೂತರೆ 25 ಮಿ.ಮೀ. ಇಳಿಯುವುದು ಏನೂ ದೊಡ್ಡ ಮಾತಲ್ಲ.

ತುಮಕೂರು ಸುತ್ತಲಿನವರಿಗೆ ಇದು ಹೆಚ್ಚು ಕಾಡಲು ಕಾರಣವಿದೆ. ಬೆಂಗಳೂರು ಕಡೆಯ ಹೆದ್ದಾರಿಯಲ್ಲಿ ಮಧ್ಯೆ ಡಿವೈಡರ್ ಇದೆ, ಎದುರಿನ ಬೆಳಕು ಅಷ್ಟು ತಾಗುವುದಿಲ್ಲ. ಕೊರಟಗೆರೆ, ಮಧುಗಿರಿ ಕಡೆಗೋ ಒಳಗಿನ ಹಳ್ಳಿ ರಸ್ತೆಗಳಿಗೋ ತಿರುಗಿದರೆ ಎದುರಿನ ಗಾಡಿ ಕೈಯಳತೆಯಲ್ಲೇ ಹಾದುಹೋಗುತ್ತದೆ, ಊರು ದಾಟಿದ ಮೇಲೆ ಬೀದಿದೀಪ ಇರುವುದಿಲ್ಲ.

ಯಾವುದನ್ನೂ ಮುಟ್ಟುವ ಮೊದಲು: ಗೋಡೆ ಏನು ಹೇಳುತ್ತದೆ

ಕತ್ತಲಾದ ಮೇಲೆ ಕಾರನ್ನು ಯಾವುದಾದರೂ ಬಿಳಿ ಗೋಡೆಗೆ ಸುಮಾರು 5 ಮೀಟರ್ ದೂರದಲ್ಲಿ ನೇರವಾಗಿ ನಿಲ್ಲಿಸಿ ಲೋ ಬೀಮ್ ಹಾಕಿ. ಅಳತೆ ಈಗಲೇ ಬೇಡ, ಆಕಾರ ನೋಡಿದರೆ ಸಾಕು.

ಸರಿಯಿರುವ ಲೈಟಿನಲ್ಲಿ ಮೇಲೆ ಕತ್ತಲು, ಕೆಳಗೆ ಬೆಳಕು, ನಡುವೆ ಸ್ಪಷ್ಟ ಗೆರೆ. ಗೆರೆಯ ಬಲ ಅರ್ಧ ಮಟ್ಟಸವಾಗಿರುತ್ತದೆ, ಎಡ ಅರ್ಧ ಓರೆಯಾಗಿ ಮೇಲೇರುತ್ತದೆ. ನಾವು ಎಡಬದಿಯಲ್ಲಿ ಓಡಿಸುವವರು. ಬಲಕ್ಕೆ ಎದುರಿನ ಗಾಡಿಯ ಕಣ್ಣು, ಅಲ್ಲಿ ಬೆಳಕು ತಗ್ಗಬೇಕು. ಎಡಕ್ಕೆ ನಡೆದು ಹೋಗುವವರು, ಬೋರ್ಡು, ನಿಂತ ಟ್ರ್ಯಾಕ್ಟರ್, ಅಲ್ಲಿ ಬೆಳಕು ಏರಬೇಕು. ಬಲಕ್ಕೆ ಏರುತ್ತಿದ್ದರೆ ಬಲಬದಿ ಓಡಾಟದ ದೇಶಕ್ಕೆ ಮಾಡಿದ ಲೈಟು ಕೂರಿಸಿದ್ದಾರೆ. ಅದನ್ನು ಸ್ಕ್ರೂನಿಂದ ಸರಿಮಾಡಲು ಆಗುವುದಿಲ್ಲ, ಲೈಟೇ ಬದಲಾಗಬೇಕು.

ಎರಡು ಗೆರೆಯೂ ಸ್ಪಷ್ಟವಾಗಿದ್ದು ಒಟ್ಟಿಗೆ ಮೇಲೋ ಕೆಳಗೋ ಇದ್ದರೆ ದೋಷ ಕಾರಿನ ಭಂಗಿಯಲ್ಲಿ. ಒಂದು ಮಾತ್ರ ತಪ್ಪಿದ್ದರೆ ಆ ಬದಿಯ ಬಲ್ಬು, ಬೆಳಕನ್ನು ಮೇಲೆ ಕೆಳಗೆ ಸರಿಸುವ ಮೋಟರ್ ಅಥವಾ ಕಿವಿ. ಗೆರೆಯೇ ಇಲ್ಲದೆ ಬೆಳಕು ಹರಡಿದ್ದರೆ ಬಲ್ಬು ಅಥವಾ ರಿಫ್ಲೆಕ್ಟರ್ (ಬಲ್ಬಿನ ಸುತ್ತಲಿನ ಹೊಳೆಯುವ ಬಟ್ಟಲು). ಗೆರೆ ಜಾಗದಲ್ಲೇ ಇದ್ದು ಬೆಳಕು ಮಂಕಾಗಿದ್ದರೆ ಎತ್ತರದ ದೋಷವೇ ಅಲ್ಲ. ಗಾಜು ಅಥವಾ ಕರೆಂಟು ನೋಡಬೇಕು.

ಎಂಜಿನ್ ಓಡುತ್ತಿರಲಿ. ಎರಡು 55 ವ್ಯಾಟ್ ಬಲ್ಬು ಸೇರಿ 9 ಆಂಪಿಯರಿಗೂ ಹೆಚ್ಚು ಎಳೆಯುತ್ತವೆ, ಎಂಜಿನ್ ಆರಿಸಿ ಗಂಟೆಗಟ್ಟಲೆ ಹೀಗೆ ಬಿಟ್ಟರೆ ಮರುದಿನ ಬೆಳಗ್ಗೆ ಕಾರು ತಳ್ಳಬೇಕಾಗುತ್ತದೆ. ಎಂಜಿನ್ ಓಡಿಸುವುದಾದರೆ ಷಟರ್ ಮುಚ್ಚಿದ ಗ್ಯಾರೇಜಿನೊಳಗೆ ಬೇಡವೇ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಪ್ರಾಣ ತೆಗೆಯುತ್ತದೆ.

ಲಕ್ಷಣ: ಲೋ ಬೀಮ್‌ನಲ್ಲೇ ಇದ್ದರೂ ಎದುರಿನವರು ಲೈಟ್ ಹೊಡೆಯುತ್ತಾರೆ

ಡ್ಯಾಶ್‌ಬೋರ್ಡಿನಲ್ಲಿ ನೀಲಿ ದೀಪ ಉರಿಯುತ್ತಿದೆಯಾ ನೋಡಿ. ನೀಲಿ ಅಂದರೆ ಹೈ ಬೀಮ್. ತಮಾಷೆ ಅನಿಸಬಹುದು, ಮನೆಯಲ್ಲಿ ಇಬ್ಬರು ಮೂವರು ಓಡಿಸುವ ಕಾರಿನಲ್ಲಿ ಇದೂ ಇರುತ್ತದೆ.

ನೀಲಿ ಇಲ್ಲ ಅಂದರೆ ಸ್ಟೇರಿಂಗ್ ಬಲಗಡೆ, ಡ್ಯಾಶ್‌ಬೋರ್ಡಿನ ಕೆಳಭಾಗದಲ್ಲಿ 0, 1, 2, 3 ಅಂತ ಬರೆದ ಸಣ್ಣ ಚಕ್ರ ಹುಡುಕಿ. ಬಹಳಷ್ಟು ಹ್ಯಾಲೊಜೆನ್ ಲೈಟಿನ ಕಾರುಗಳಲ್ಲಿ ಇರುತ್ತದೆ, ಉಪಯೋಗಿಸುವವರು ಕಡಿಮೆ. ಸಂಖ್ಯೆ ಹೆಚ್ಚಿದಷ್ಟೂ ಬೆಳಕು ಕೆಳಗಿಳಿಯುತ್ತದೆ. ಡ್ರೈವರ್ ಒಬ್ಬರೇ, ಅಥವಾ ಮುಂದೆ ಇಬ್ಬರೇ ಇದ್ದರೆ 0. ಎಲ್ಲ ಸೀಟೂ ತುಂಬಿದ್ದರೆ 1. ಸೀಟೂ ತುಂಬಿ ಡಿಕ್ಕಿಯೂ ತುಂಬಿದ್ದರೆ 2. ಡ್ರೈವರ್ ಒಬ್ಬರೇ ಇದ್ದು ಡಿಕ್ಕಿಯಲ್ಲಿ ಪೂರ್ತಿ ಭಾರವಿದ್ದರೆ 3. ಈ ಕೊನೆಯದು ಅನೇಕರಿಗೆ ವಿಚಿತ್ರ ಅನಿಸುತ್ತದೆ. ಮುಂದೆ ತೂಕವಿಲ್ಲದೆ ಹಿಂದೆ ಮಾತ್ರ ತೂಕ ಬಿದ್ದಾಗಲೇ ಮೂತಿ ಹೆಚ್ಚು ಏಳುವುದು. ಅಂತರಸನಹಳ್ಳಿ ಮಾರುಕಟ್ಟೆಗೆ ಒಬ್ಬರೇ ಕಾರಿನಲ್ಲಿ ತರಕಾರಿ ಒಯ್ಯುವವರಿಗೆ 3 ಬೇಕಾಗುತ್ತದೆ, ಜಾತ್ರೆಗೆ ಐದು ಜನ ಹೊರಟ ಕಾರಿಗೆ 1 ಸಾಕು. ನಿಖರ ಹೊಂದಾಣಿಕೆ ಕಾರಿನ ಜೊತೆ ಬಂದ ಪುಸ್ತಕದಲ್ಲಿರುತ್ತದೆ, ಮಾದರಿಯಿಂದ ಮಾದರಿಗೆ ಅಲ್ಪಸ್ವಲ್ಪ ಬೇರೆ.

ಈ 0–3 ಚಕ್ರವೇ ಇಲ್ಲದ ಕಾರಿನಲ್ಲಿ ಭಾರವನ್ನು ಮುಂದಕ್ಕೆ ತಂದರೆ ಅಷ್ಟಿಷ್ಟು ಅನುಕೂಲ. ಮೂಟೆಯನ್ನು ಡಿಕ್ಕಿ ಬಾಗಿಲ ಹತ್ತಿರ ಇಡುವ ಬದಲು ಹಿಂದಿನ ಸೀಟಿನ ಬೆನ್ನಿಗೆ ಒತ್ತಿ ಇಡಿ.

ಮುಂದಿನದು ಗಾಳಿ. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಸ್ಟಿಕ್ಕರ್ ಇರುತ್ತದೆ. ಖಾಲಿ ಕಾರಿಗೆ ಎಷ್ಟು, ತುಂಬಿದ ಕಾರಿಗೆ ಎಷ್ಟು ಅಂತ ಎರಡು ಅಳತೆ ಬರೆದಿರುತ್ತಾರೆ. ತುಂಬಿದ ಕಾರಿನಲ್ಲಿ ಹಿಂದಿನ ಟೈರಿಗೆ ಹೆಚ್ಚು ಗಾಳಿ ಬೇಕು. ಪೆಟ್ರೋಲ್ ಬಂಕಿನಲ್ಲಿ ನಾಲ್ಕಕ್ಕೂ ಒಂದೇ ಅಳತೆ ಹೊಡೆಸಿಕೊಂಡು ಬರುವ ಅಭ್ಯಾಸದಿಂದ ಇದು ತಪ್ಪುತ್ತದೆ. ಟೈರ್ ತಣ್ಣಗಿದ್ದಾಗಲೇ ಅಳೆಯಬೇಕು.

ಗಾಳಿಯೂ ಸರಿ, 0–3 ಚಕ್ರವೂ ಸರಿ, ಡಿಕ್ಕಿಯೂ ಖಾಲಿ, ಆದರೂ ಬೆಳಕು ಮೇಲೆ ಅಂದರೆ ಹಿಂದಿನ ಸ್ಪ್ರಿಂಗ್ ನೋಡಿ. ಸಮತಟ್ಟು ನೆಲದಲ್ಲಿ ಪ್ರತಿ ಚಕ್ರದ ನಟ್ಟನಡುವಿನಿಂದ ಮೇಲಿನ ಫೆಂಡರಿನ (ಚಕ್ರದ ಮೇಲಿನ ತಗಡಿನ) ಅಂಚಿನವರೆಗೆ ಟೇಪಿನಲ್ಲಿ ಅಳೆದು ಬರೆದುಕೊಳ್ಳಿ. ಹಿಂದಿನ ಎಡಕ್ಕೂ ಬಲಕ್ಕೂ 10 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಒಂದು ಸ್ಪ್ರಿಂಗ್ ಕುಸಿದಿದೆ ಅಥವಾ ಮುರಿದಿದೆ ಅಂತ ಅನುಮಾನಿಸಬೇಕು. ಎರಡೂ ಒಂದೇ ಸಮ ಕುಸಿದಿದ್ದರೆ ಅಳತೆಯಲ್ಲಿ ಗೊತ್ತಾಗುವುದಿಲ್ಲ. ಆಗ ರೋಡ್ ಹಂಪಿನ ಮೇಲೆ ಗಮನಿಸಿ: ಇಬ್ಬರೇ ಇದ್ದಾಗಲೂ ಹಿಂದೆ ದಡ್ ಅಂತ ಬಡಿದರೆ ಸ್ಪ್ರಿಂಗ್ ಸೋತಿದೆ. ಹೊರಗಡೆ ಸಿಎನ್‌ಜಿ ಕಿಟ್ ಹಾಕಿಸಿದ ಕಾರುಗಳಲ್ಲಿ ಇದು ಸಾಮಾನ್ಯ. ಸಿಲಿಂಡರಿನ ಭಾರ ಹಗಲೂ ರಾತ್ರಿ ಡಿಕ್ಕಿಯಲ್ಲೇ ಇರುತ್ತದೆ, ಕಾರ್ಖಾನೆಯ ಲೈಟ್ ಸೆಟ್ಟಿಂಗ್ ಮಾತ್ರ ಸಿಲಿಂಡರ್ ಇಲ್ಲದ ಕಾರಿನದು. ಕಿಟ್ ಹಾಕಿಸಿದ ಮೇಲೆ ಲೈಟ್ ಮರುಸೆಟ್ ಮಾಡುವುದು ನ್ಯಾಯ. ಕುಸಿದ ಸ್ಪ್ರಿಂಗಿಗೆ ಮಾತ್ರ ಸ್ಪ್ರಿಂಗೇ ಮದ್ದು, ಜೋಡಿಯಾಗಿ ಬದಲಾಯಿಸಬೇಕು. ಸ್ಕ್ರೂ ಇಳಿಸಿ ಮುಚ್ಚಿಹಾಕಿದರೆ ಬ್ರೇಕಿಂಗು, ಟೈರ್ ಸವೆತ ಎಲ್ಲ ಹಾಗೇ ಉಳಿಯುತ್ತವೆ.

ಲಕ್ಷಣ: ಬೆಳಕು ಬಂಪರ್ ಮುಂದೆಯೇ ಬೀಳುತ್ತದೆ, ದೂರ ಕಾಣುವುದಿಲ್ಲ

ಎದುರಿನವರ ಬೈಗುಳವಿಲ್ಲ ಅಂತ ಇದನ್ನು ಯಾರೂ ದೋಷ ಅಂತ ಲೆಕ್ಕಿಸುವುದಿಲ್ಲ. ಮೇಲಿನದಕ್ಕಿಂತ ಇದು ಅಪಾಯ. ಬೆಳಕು ಶೇ. 2.5ರಷ್ಟು ಬಾಗಿದ್ದರೆ ರಸ್ತೆ ಕಾಣುವುದು 26 ಮೀಟರ್ ಮಾತ್ರ. 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ದೀಪವಿಲ್ಲದೆ ನಿಂತ ಟ್ರಾಲಿ ಕಂಡಾಗ ಕೈಯಲ್ಲಿ ಉಳಿಯುವುದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಅದೂ ಮುಗಿಯುತ್ತದೆ.

ಚಕ್ರ 3ರಲ್ಲೇ ಉಳಿದಿದೆಯಾ ಮೊದಲು ನೋಡಿ. ಒಳಗೆ ಗುಡಿಸಿ ಒರೆಸುವಾಗ, ಮಕ್ಕಳು ಆಡುವಾಗ ತಿರುಗಿರುತ್ತದೆ.

ಆಮೇಲೆ ಹಿಂದಿನ ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ಬಫರ್ ಹಾಕಿಸಿದ್ದೀರಾ? ಹಂಪಿಗೆ ತಾಗಬಾರದು ಅಂತ ಹಾಕಿಸುವ ಈ ರಬ್ಬರು ಹಿಂಭಾಗವನ್ನು ಎತ್ತುತ್ತದೆ. ಮೇಲೆ ಹೇಳಿದ ಲೆಕ್ಕವೇ ತಲೆಕೆಳಗಾಗಿ ಕೆಲಸ ಮಾಡುತ್ತದೆ: 25 ಮಿ.ಮೀ. ಎತ್ತಿದರೆ ಶೇ. 1 ಇದ್ದದ್ದು ಶೇ. 2 ಆಗುತ್ತದೆ, 65 ಮೀಟರ್ ಕಾಣುತ್ತಿದ್ದದ್ದು 32ಕ್ಕೆ ಇಳಿಯುತ್ತದೆ. ಬಫರ್ ತೆಗೆಸಿ ನೋಡಿ. ಇಟ್ಟುಕೊಳ್ಳಲೇಬೇಕು ಅಂದರೆ ಲೈಟ್ ಮರುಸೆಟ್ ಮಾಡಿಸಿ. ಆದರೆ ಭಾರ ಹೇರಿದಾಗ ಚಕ್ರ ಎಷ್ಟಕ್ಕೆ ಇಡಬೇಕು ಅನ್ನುವ ಪುಸ್ತಕದ ಲೆಕ್ಕ ಆಗ ನಿಮ್ಮ ಕಾರಿಗೆ ಹೊಂದುವುದಿಲ್ಲ, ಗೋಡೆಯ ಮೇಲೇ ನೋಡಿ ತಿಳಿಯಬೇಕು.

ಇನ್ನೊಂದು ಕಾರಣ: ಡಿಕ್ಕಿ ತುಂಬಿದ್ದಾಗ ಯಾರೋ ಲೈಟ್ ಸೆಟ್ ಮಾಡಿದ್ದಾರೆ. ಖಾಲಿಯಾದ ಮೇಲೆ ಬೆಳಕು ಕಾಲಡಿಗೆ ಬಿತ್ತು.

ಲಕ್ಷಣ: ಒಂದು ಲೈಟು ಮೇಲೆ, ಒಂದು ಕೆಳಗೆ

ಇತ್ತೀಚೆಗೆ ಬಲ್ಬು ಬದಲಾಯಿಸಿದ್ದರೆ ಅಲ್ಲೇ ಕೈ ಹಾಕಿ. ಎಚ್4 (ಲೋ, ಹೈ ಎರಡೂ ಒಂದರಲ್ಲೇ ಇರುವ) ಬಲ್ಬಿನ ಬುಡದಲ್ಲಿ ಮೂರು ಕಿವಿ ಇರುತ್ತವೆ, ಅಗಲವಾದ ಕಿವಿ ಮೇಲಕ್ಕೆ ಬರಬೇಕು. ಬಲ್ಬು ರಿಫ್ಲೆಕ್ಟರಿನ ಗುಂಡಿಯಲ್ಲಿ ಪೂರ್ತಿ ಕೂತ ಮೇಲೆ ತಂತಿ ಕ್ಲಿಪ್ಪಿನ ಎರಡೂ ಕಾಲು ಕೊಕ್ಕೆಗೆ ಸಿಗಬೇಕು. ಆತುರದಲ್ಲಿ ಒಂದು ಕಾಲು ಮಾತ್ರ ಸಿಕ್ಕಿದ್ದರೆ ಬಲ್ಬು ಓರೆಯಾಗಿ ಕೂರುತ್ತದೆ. ತಂತಿಸುರುಳಿ ಒಂದು ಮಿಲಿಮೀಟರ್ ಜಾಗ ತಪ್ಪಿದರೂ ಗೋಡೆಯ ಮೇಲಿನ ಗೆರೆ ಮಸುಕಾಗುತ್ತದೆ ಅಥವಾ ಜಾಗ ಬಿಡುತ್ತದೆ. ಹಿಂದಿನ ರಬ್ಬರ್ ಮುಚ್ಚಳವೂ ಸುತ್ತ ಸರಿಯಾಗಿ ಕೂರಬೇಕು, ಇಲ್ಲದಿದ್ದರೆ ಮುಂದಿನ ಮಳೆಗೆ ಒಳಗೆ ನೀರು.

ಬಲ್ಬು ಮುಟ್ಟುವ ಮೊದಲು ಲೈಟ್ ಆರಿಸಿ 15 ನಿಮಿಷ ಕಾಯಿರಿ, ಸುಡುತ್ತದೆ. ಗಾಜಿನ ಭಾಗಕ್ಕೆ ಬೆರಳು ತಾಗಬಾರದು. ಬೆರಳಿನ ಎಣ್ಣೆಯ ಗುರುತಿರುವ ಕಡೆ ಗಾಜು ಹೆಚ್ಚು ಕಾದು ಬಲ್ಬು ಬೇಗ ಹೋಗುತ್ತದೆ. ತಾಗಿದರೆ ಸ್ಪಿರಿಟ್ಟಿನಲ್ಲಿ ಒರೆಸಿ ಒಣಗಿಸಿ. ಒಳಗೆ ಒತ್ತಡದ ಅನಿಲ ಇರುವುದರಿಂದ ಗೀರು ಬಿದ್ದ ಬಲ್ಬು ಹಾಕಬೇಡಿ.

ಬಲ್ಬೇ ಕಾರಣವಾ ಅಂತ ಖಾತ್ರಿ ಮಾಡಲು ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ನೋಡಿ. ದೋಷವೂ ಬಲ್ಬಿನ ಜೊತೆ ಆ ಕಡೆಗೆ ಹೋದರೆ ಬಲ್ಬು ಬದಲಾಯಿಸಿ. ದೋಷ ಅಲ್ಲೇ ಉಳಿದರೆ ಲೈಟಿನ ಮನೆಯೊಳಗೆ ಅಥವಾ ಅದರ ಕಟ್ಟುಗಳಲ್ಲಿ ಇದೆ.

ಬಂಪರಿಗೆ ಪೆಟ್ಟು ಬಿದ್ದು ಟಿಂಕರಿಂಗ್ ಆದ ಕಾರಿನಲ್ಲಿ ಮುರಿದ ಕಿವಿ ಹುಡುಕಿ. ಲೈಟನ್ನು ಕಾರಿನ ಮೈಗೆ ಹಿಡಿಯುವ ಪ್ಲಾಸ್ಟಿಕ್ ಕಿವಿ ಮೂರೋ ನಾಲ್ಕೋ ಇರುತ್ತವೆ. ಒಂದು ಮುರಿದರೂ ಹೊರಗಿನಿಂದ ಲೈಟು ಚೆನ್ನಾಗಿಯೇ ಕಾಣುತ್ತದೆ. ಬಾನೆಟ್ ಎತ್ತಿ ಲೈಟಿನ ಮೇಲಂಚನ್ನು ಕೈಯಲ್ಲಿ ಮೆತ್ತಗೆ ಹಿಂದೆ ಮುಂದೆ ಅಲುಗಿಸಿ. ಬಾನೆಟ್, ಫೆಂಡರಿನ ಜೊತೆ ಇರುವ ಸಂದು ಎರಡೂ ಕಡೆ ಒಂದೇ ಅಗಲವಿದೆಯಾ ನೋಡಿ. ಕೆಲವು ಮಾದರಿಗಳಿಗೆ ಕಿವಿ ಮಾತ್ರದ ರಿಪೇರಿ ಕಿಟ್ ಸಿಗುತ್ತದೆ, ಬಿಡಿಭಾಗದ ಅಂಗಡಿಯಲ್ಲಿ ಕೇಳಿದ ಮೇಲೇ ಪೂರ್ತಿ ಲೈಟಿನ ಮಾತು. ಎಂಸೀಲ್ ಹಚ್ಚಿ ಅಂಟಿಸುವುದು ಬೇಡ, ನಮ್ಮ ಹಂಪುಗಳಿಗೆ ಅದು ತಡೆಯುವುದಿಲ್ಲ.

ಲಕ್ಷಣ: ಕೆಟ್ಟ ರಸ್ತೆಯಲ್ಲಿ ಬೆಳಕು ನಡುಗುತ್ತದೆ

ಕಾರೇ ಕುಣಿದರೆ ಎರಡೂ ಲೈಟು ಒಟ್ಟಿಗೆ ಕುಣಿಯುತ್ತವೆ, ಶಾಕ್ ಅಬ್ಸಾರ್ಬರ್ ನೋಡಿಸಿ. ಒಂದು ಮಾತ್ರ ಪಟಪಟ ಅಂತ ನಡುಗಿದರೆ ಒಳಗಿನ ರಿಫ್ಲೆಕ್ಟರನ್ನು ಹಿಡಿದಿರುವ ಗುಂಡು ಅದರ ಗುಳಿಯಿಂದ ಹೊರಬಂದಿದೆ, ಇಲ್ಲವೇ ಕಿವಿ ಮುರಿದಿದೆ. ಗುಂಡು ಹೊರಬಂದ ಲೈಟಿನಲ್ಲಿ ಸ್ಕ್ರೂ ಎಷ್ಟು ತಿರುಗಿಸಿದರೂ ಗೋಡೆಯ ಮೇಲೆ ಏನೂ ಆಗುವುದಿಲ್ಲ. ಬಿಚ್ಚಿ ತೆಗೆಯುವ ಮುಚ್ಚಳ ಇದ್ದರೆ ಒಳಗೆ ಕೈ ಹಾಕಿ ಗುಂಡನ್ನು ಮತ್ತೆ ಒತ್ತಿ ಕೂರಿಸಬಹುದು. ಸೀಲ್ ಆದ ಲೈಟಾದರೆ ಮುಂದಿನ ಗಾಜನ್ನು ಬಿಸಿಮಾಡಿ ಬಿಡಿಸುವ ಕೆಲಸ, ಅದನ್ನು ಮನೆಯಲ್ಲಿ ಮಾಡಬೇಡಿ.

ಲಕ್ಷಣ: 0–3 ಚಕ್ರ ತಿರುಗಿಸಿದರೂ ಬೆಳಕು ಕದಲುವುದಿಲ್ಲ

ಗಲಾಟೆ ಇಲ್ಲದ ಜಾಗದಲ್ಲಿ ಇಗ್ನಿಷನ್ ಆನ್ ಮಾಡಿ, ಎಂಜಿನ್ ಆರಿಸಿ, ಲೋ ಬೀಮ್ ಹಾಕಿ ಒಬ್ಬರು ಚಕ್ರ ತಿರುಗಿಸಲಿ. ಇನ್ನೊಬ್ಬರು ಲೈಟಿನ ಹತ್ತಿರ ಕಿವಿ ಇಡಲಿ. ಪ್ರತಿ ಲೈಟಿನ ಹಿಂದೆ ಬೆಂಕಿಪೊಟ್ಟಣಕ್ಕಿಂತ ದೊಡ್ಡದಾದ ಮೋಟರ್ ಇದೆ, ಕ್ಷಣಕಾಲ ಜುಂಯ್ ಅನ್ನಬೇಕು.

ಎರಡೂ ಸುಮ್ಮನಿದ್ದರೆ ಫ್ಯೂಸ್, ಆಮೇಲೆ ಚಕ್ರದ ಸ್ವಿಚ್ಚು. ಒಂದು ಮಾತ್ರ ಸುಮ್ಮನಿದ್ದರೆ ಆ ಬದಿಯ ಕಪ್ಲರ್ (ತಂತಿ ಸಿಕ್ಕಿಸುವ ಜೋಡಣೆ) ಬಿಚ್ಚಿ ಪಿನ್ನಿನಲ್ಲಿ ಹಸಿರು ಕಟ್ಟಿದೆಯಾ, ನೀರು ಕೂತಿದೆಯಾ ನೋಡಿ, ಇಲ್ಲದಿದ್ದರೆ ಮೋಟರ್ ಹೋಗಿದೆ. ಶಬ್ದ ಬರುತ್ತದೆ, ಬೆಳಕು ಕದಲದು ಅಂದರೆ ಮೋಟರಿನ ಕಡ್ಡಿ ರಿಫ್ಲೆಕ್ಟರಿನಿಂದ ಕಳಚಿದೆ. ಮೋಟರ್ ಹೋದರೆ ಕೊನೆಗೆ ನಿಂತ ಜಾಗದಲ್ಲೇ ಬೆಳಕು ಉಳಿಯುತ್ತದೆ. ಅದು 3ರಲ್ಲಿ ನಿಂತಿದ್ದರೆ ಒಂದು ಕಣ್ಣು ನೆಲ ನೋಡುತ್ತಿರುತ್ತದೆ. ಹಾಗಿರುವಾಗ ಸ್ಕ್ರೂ ಎತ್ತಿ ಸರಿಮಾಡಿಬಿಟ್ಟರೆ, ನಾಳೆ ಹೊಸ ಮೋಟರ್ ಹಾಕಿದ ದಿನ ಆ ಲೈಟು ಆಕಾಶ ನೋಡುತ್ತದೆ.

ಲಕ್ಷಣ: ಗೋಡೆಯ ಮೇಲೆ ಗೆರೆಯೇ ಇಲ್ಲ, ಬೆಳಕು ಎಲ್ಲೆಡೆ ಚೆಲ್ಲಿದೆ

ಹ್ಯಾಲೊಜೆನ್ ಜಾಗಕ್ಕೆ ಎಲ್‌ಇಡಿ ಬಲ್ಬು ಸಿಕ್ಕಿಸಿದ್ದರೆ ಉತ್ತರ ಅಲ್ಲೇ ಇದೆ. ರಿಫ್ಲೆಕ್ಟರಿನ ಪ್ರತಿ ಮಡಿಕೆಯನ್ನೂ ಸಣ್ಣ ತಂತಿಸುರುಳಿ ಒಂದು ಜಾಗದಲ್ಲಿದೆ ಅಂತ ಲೆಕ್ಕ ಹಾಕಿ ಮಾಡಿರುತ್ತಾರೆ. ಎಚ್4ರಲ್ಲಿ ಲೋ ಬೀಮ್ ಸುರುಳಿಯ ಕೆಳಗೆ ಪುಟ್ಟ ಲೋಹದ ದೊನ್ನೆಯೂ ಇದೆ, ಗೆರೆ ಹುಟ್ಟುವುದು ಅದರಿಂದ. ಎಲ್‌ಇಡಿಯ ಬೆಳಕು ಕೊಡುವ ಚಿಪ್ಪು ಆ ಜಾಗದಲ್ಲಿ, ಆ ಗಾತ್ರದಲ್ಲಿ ಕೂರದಿದ್ದರೆ ಗೆರೆ ಒಡೆಯುತ್ತದೆ. ಚಿಪ್ಪುಗಳು ಎಡಕ್ಕೂ ಬಲಕ್ಕೂ ಮುಖ ಮಾಡಿರಬೇಕು. ಮೇಲೆ ಕೆಳಗೆ ತಿರುಗಿದ್ದರೆ ಬಲ್ಬಿನ ಬುಡದ ಕಾಲರ್ ತಿರುಗಿಸಿ ಸರಿಮಾಡಿ ನೋಡಬಹುದು. ಆಮೇಲೂ ಗೆರೆ ಬಾರದಿದ್ದರೆ ಹಳೆಯ ಹ್ಯಾಲೊಜೆನ್ ಹಾಕಿಬಿಡಿ. ಸ್ಕ್ರೂ ಇಳಿಸಿದರೆ ರಸ್ತೆ ಕಾಣುವುದು ಕಡಿಮೆಯಾಗುತ್ತದೆ, ಎದುರಿನವರ ಕಣ್ಣು ಕುಕ್ಕುವುದು ನಿಲ್ಲುವುದಿಲ್ಲ. ಅಂಗಡಿಯವರು ಏನೇ ಹೇಳಲಿ, ಬಿಳಿ ಬೆಳಕು ಹೆಚ್ಚು ಕಂಡಂತೆ ಅನಿಸುವುದು ಕಾರಿನ ಮೂತಿಯ ಹತ್ತಿರ ಬೆಳಕು ಜಾಸ್ತಿ ಬಿದ್ದದ್ದರಿಂದ. 50 ಮೀಟರ್ ಆಚೆ ನೋಡಿ ಹೋಲಿಸಬೇಕು.

100/90 ವ್ಯಾಟ್ ಬಲ್ಬು ಇನ್ನೊಂದು ಪಿಡುಗು. ಕಾರ್ಖಾನೆಯದು 60/55 (ಹೈ 60, ಲೋ 55). ತಂತಿ, ಹೋಲ್ಡರ್, ಸ್ವಿಚ್ಚು ಎಲ್ಲ ಅಷ್ಟಕ್ಕೇ ಮಾಡಿದ್ದು. ಹೆಚ್ಚಿನ ಶಾಖಕ್ಕೆ ಹೋಲ್ಡರ್ ಕಂದಾಗಿ ಕರಗುತ್ತದೆ, ರಿಫ್ಲೆಕ್ಟರಿನ ಬೆಳ್ಳಿ ಲೇಪ ಗುಳ್ಳೆ ಎದ್ದು ಕಪ್ಪಾಗುತ್ತದೆ. ಆ ಮೇಲೆ ಸರಿಯಾದ ಬಲ್ಬು ಹಾಕಿದರೂ ಗೆರೆ ಬರುವುದಿಲ್ಲ. ಸುಟ್ಟ ವಾಸನೆ ಬಂದರೆ ತಕ್ಷಣ ಲೈಟ್ ಆರಿಸಿ, ಕಾರು ಆಟೋ ಎಲೆಕ್ಟ್ರಿಶಿಯನ್ ಹತ್ತಿರ ಹೋಗಬೇಕು.

ಒಳಗೆ ತೆಳುವಾದ ಆವಿ ಕಟ್ಟಿ, ಲೈಟ್ ಹಾಕಿದ ಸ್ವಲ್ಪ ಹೊತ್ತಿಗೆ ಆರಿದರೆ ಚಿಂತೆಯಿಲ್ಲ. ತಳದಲ್ಲಿ ನೀರು ನಿಂತಿದ್ದರೆ ಹಿಂದಿನ ಮುಚ್ಚಳ ಅಥವಾ ಸೀಲು ಹೋಗಿದೆ.

ಲಕ್ಷಣ: ಗೆರೆ ಸರಿಯಿದೆ, ಬೆಳಕೇ ಮಂಕು

ಗಾಜು ಅಂತ ಕರೆದರೂ ಈಗಿನ ಕಾರುಗಳಲ್ಲಿ ಅದು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಬಿಸಿಲಿಗೆ ಮೇಲಿನ ರಕ್ಷಣಾ ಲೇಪ ಹೋಗಿ ಹಳದಿಯಾಗುತ್ತದೆ. ಟೂತ್‌ಪೇಸ್ಟ್ ಉಜ್ಜಿದರೆ ಹೊಳಪು ಬರುತ್ತದೆ, ಲೇಪ ವಾಪಸ್ ಬರುವುದಿಲ್ಲ, ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಸರಿಯಾದ ದಾರಿ: ಸುತ್ತಲಿನ ಪೇಂಟಿಗೆ ಮಾಸ್ಕಿಂಗ್ ಟೇಪ್ ಹಚ್ಚಿ, ನೀರು ಬಿಡುತ್ತಾ 800, 1500, 2000 ನಂಬರ್ ಉಪ್ಪುಕಾಗದ ಅನುಕ್ರಮವಾಗಿ, ಆಮೇಲೆ ಪಾಲಿಶ್, ಕೊನೆಗೆ ಯುವಿ ತಡೆಯುವ ಕ್ಲಿಯರ್ ಕೋಟ್. ಹಳೆಯ ಕಾರಿನ ನಿಜವಾದ ಗಾಜಿಗೆ ಉಪ್ಪುಕಾಗದ ಹಾಕಬೇಡಿ.

ಗಾಜು ಸ್ವಚ್ಛವಿದ್ದರೆ ಮಲ್ಟಿಮೀಟರ್ ತನ್ನಿ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.4 ವೋಲ್ಟ್ ಇರಬೇಕು. ಲೈಟ್ ಉರಿಯುತ್ತಿರುವಾಗಲೇ ಬಲ್ಬಿನ ಕಪ್ಲರಿನ ಹಿಂಭಾಗದಲ್ಲಿ ಅಳೆಯಿರಿ. ಅಲ್ಲಿ 12.5ಕ್ಕಿಂತ ಕಡಿಮೆ ಬಂದರೆ ದಾರಿಯಲ್ಲಿ ಎಲ್ಲೋ ವೋಲ್ಟೇಜ್ ಕಳೆದುಹೋಗುತ್ತಿದೆ. ವೋಲ್ಟೇಜ್ ಶೇ. 10 ಇಳಿದರೆ ಹ್ಯಾಲೊಜೆನ್ ಬೆಳಕು ಸುಮಾರು ಶೇ. 30 ಇಳಿಯುತ್ತದೆ, ಅಷ್ಟು ಸೂಕ್ಷ್ಮ. ಬ್ಯಾಟರಿಯ ಮೈನಸ್‌ಗೂ ಬಲ್ಬಿನ ಅರ್ತ್ ಪಿನ್ನಿಗೂ ನಡುವೆ ಅಳೆದಾಗ 0.3 ವೋಲ್ಟ್‌ಗಿಂತ ಹೆಚ್ಚು ಬಂದರೆ ಅರ್ತ್ ಬೋಲ್ಟ್ ಬಿಚ್ಚಿ, ಕೆಳಗಿನ ತುಕ್ಕು ಅಥವಾ ಪೇಂಟು ಕೆರೆದು ಬಿಗಿ ಮಾಡಿ. ಪೇಂಟಿಂಗ್ ಆದ ಕಾರುಗಳಲ್ಲಿ ಇದು ಮೇಲಿಂದ ಮೇಲೆ ಸಿಗುತ್ತದೆ.

ಈಗ ಸ್ಕ್ರೂ: ಗೋಡೆಯ ಮೇಲೆ ಸೆಟ್ ಮಾಡುವುದು

ಇಲ್ಲಿಯವರೆಗಿನ ಯಾವುದರಲ್ಲೂ ದೋಷ ಸಿಗದಿದ್ದರೆ, ಅಥವಾ ಸಿಕ್ಕಿ ಸರಿಮಾಡಿದ ಮೇಲೆ, ಈ ಕೆಲಸ.

ಜಾಗ ಹುಡುಕುವುದೇ ಅರ್ಧ ಕೆಲಸ. ಮನೆ ಮುಂದಿನ ಪೋರ್ಟಿಕೊ ಮಳೆನೀರು ಹೋಗಲಿ ಅಂತ ರಸ್ತೆ ಕಡೆಗೆ ಇಳಿಜಾರಾಗಿರುತ್ತದೆ. ಕಾರು ನಿಂತ ಜಾಗದಿಂದ ಗೋಡೆಯ ಬುಡದವರೆಗೆ ಇಳಿಜಾರು ಒಂದೇ ಸಮನಾಗಿದ್ದರೆ ಅಷ್ಟು ತೊಂದರೆಯಿಲ್ಲ, ಕಾರೂ ಗುರುತೂ ಒಂದೇ ತಳದ ಮೇಲಿರುತ್ತವೆ. ಮಧ್ಯೆ ಇಳಿಜಾರು ಮುರಿದರೆ ಮಾತ್ರ ಅಳತೆ ಕೆಡುತ್ತದೆ, ಶೇ. 1 ಮುರಿತವೇ ನೀವು ಹಿಡಿಯಬೇಕಾದ ಇಡೀ ಅಳತೆಯಷ್ಟಾಯಿತು. ಗಾರೆಯವರ ಬಳಿ ಇರುವ ನೀರಿನ ಟ್ಯೂಬ್ ಲೆವೆಲ್ ಸಿಕ್ಕರೆ ಮುಂದಿನ ಚಕ್ರ, ಹಿಂದಿನ ಚಕ್ರ, ಗೋಡೆ ಬುಡ ಮೂರನ್ನೂ ನೋಡಿಬಿಡಿ. ಕಲ್ಯಾಣ ಮಂಟಪದ ಪಾರ್ಕಿಂಗು, ಗೋಡೌನಿನ ಅಂಗಳ, ಚೆನ್ನಾಗಿ ಗಾಳಿಯಾಡುವ ಅಪಾರ್ಟ್‌ಮೆಂಟಿನ ಬೇಸ್‌ಮೆಂಟು ಸಾಮಾನ್ಯವಾಗಿ ಸರಿಹೋಗುತ್ತವೆ. ರಸ್ತೆ ಬದಿ ಮಾತ್ರ ಬೇಡ.

ಬೇಕಾದದ್ದು ಅಳತೆ ಟೇಪು, ಮಾಸ್ಕಿಂಗ್ ಟೇಪು, ಉದ್ದ ಕಾಂಡದ 2ನೇ ನಂಬರ್ ಸ್ಟಾರ್ ಸ್ಕ್ರೂಡ್ರೈವರ್, ಒಂದು ರಟ್ಟು. ಕೆಲವು ಕಾರಿಗೆ ಸಣ್ಣ ಸ್ಪ್ಯಾನರ್ ಅಥವಾ ಅಲೆನ್ ಕೀ ಬೇಕಾಗಬಹುದು.

1. ಡಿಕ್ಕಿ ಖಾಲಿ ಮಾಡಿ, ಸ್ಟೆಪ್ನಿ ಮತ್ತು ಜಾಕ್ ಇರಲಿ. ಟೈರ್ ಗಾಳಿ ಸ್ಟಿಕ್ಕರ್ ಪ್ರಕಾರ, ಟ್ಯಾಂಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಇಂಧನ, ಚಕ್ರ 0ರಲ್ಲಿ. ಡ್ರೈವರ್ ಸೀಟಿನಲ್ಲಿ ಸುಮಾರು 75 ಕೆ.ಜಿ. ತೂಕದ ಒಬ್ಬರು ಕೂರಬೇಕು. ಕಾರಿನ ನಾಲ್ಕು ಮೂಲೆಯನ್ನೂ ಒತ್ತಿ ಬಿಟ್ಟು ಕುಣಿಸಿ, ಸ್ಪ್ರಿಂಗ್ ತನ್ನ ಜಾಗಕ್ಕೆ ಬರುತ್ತದೆ.

2. ಕಾರನ್ನು ಗೋಡೆಗೆ ತಾಗುವಷ್ಟು ಹತ್ತಿರ ತಂದು, ಪ್ರತಿ ಲೈಟಿನ ನಡುಬಿಂದುವಿನ ನೇರಕ್ಕೆ ಗೋಡೆಯ ಮೇಲೆ ಒಂದು ನಿಂತ ಟೇಪು, ಒಂದು ಅಡ್ಡ ಟೇಪು ಹಚ್ಚಿ. ಬಹಳ ಲೈಟುಗಳಲ್ಲಿ ನಡುಬಿಂದುವಿಗೆ ಸಣ್ಣ ಚುಕ್ಕೆ ಇರುತ್ತದೆ.

3. ಸ್ಟೇರಿಂಗ್ ಅಲುಗಿಸದೆ ನೇರ ಹಿಂದಕ್ಕೆ, ಲೈಟಿನ ಮುಖದಿಂದ ಗೋಡೆಗೆ 5 ಮೀಟರ್ ಆಗುವಂತೆ ಬನ್ನಿ. ಜಾಗವಿದ್ದರೆ 10 ಮೀಟರ್ ವಾಸಿ. 5 ಮೀಟರಿನಲ್ಲಿ 1 ಸೆಂ.ಮೀ. ತಪ್ಪಿದರೆ ಶೇ. 0.2 ತಪ್ಪಿದಂತೆ, 10 ಮೀಟರಿನಲ್ಲಿ ಅದರ ಅರ್ಧ.

4. ಅಡ್ಡ ಟೇಪಿನ ಕೆಳಗೆ ಎರಡನೇ ಅಡ್ಡ ಟೇಪು: 5 ಮೀಟರಿಗೆ 5 ಸೆಂ.ಮೀ., 10 ಮೀಟರಿಗೆ 10 ಸೆಂ.ಮೀ. ಕೆಳಗೆ. ಲೈಟಿನ ಮೇಲೋ ಬಾನೆಟ್ಟಿನ ಒಳಗಿನ ಪಟ್ಟಿಯಲ್ಲೋ ಶೇ. 1.2 ಅಥವಾ 1.3 ಅಂತ ಮುದ್ರಿಸಿದ್ದರೆ ಅದೇ ಕಾರಿನ ಅಳತೆ. 1.2ಕ್ಕೆ 5 ಮೀಟರಿನಲ್ಲಿ 6 ಸೆಂ.ಮೀ.

5. ಎಂಜಿನ್ ಓಡಲಿ, ಲೋ ಬೀಮ್ ಹಾಕಿ. ಒಂದು ಲೈಟಿನ ಮುಂದೆ ರಟ್ಟನ್ನು ಒಂದು ಗೇಣು ದೂರದಲ್ಲಿ ನಿಲ್ಲಿಸಿ ಇನ್ನೊಂದರ ಕೆಲಸ ಮಾಡಿ. ಲೈಟಿನ ಮೈಗೆ ಬಟ್ಟೆ ಹೊದಿಸಬೇಡಿ, ಪ್ಲಾಸ್ಟಿಕ್ ಕಾದು ಕೆಡುತ್ತದೆ.

6. ಪ್ರತಿ ಲೈಟಿಗೆ ಎರಡು ಸ್ಕ್ರೂ: ಒಂದು ಮೇಲೆ ಕೆಳಗೆ, ಇನ್ನೊಂದು ಎಡ ಬಲ. ಮೊದಲು ಈಗಿರುವ ಜಾಗಕ್ಕೆ ಮಾರ್ಕರಿನಲ್ಲಿ ಗುರುತು ಹಾಕಿ. ಎತ್ತರದ್ದನ್ನು ಕಾಲು ಸುತ್ತು ತಿರುಗಿಸಿ ಗೋಡೆ ನೋಡಿ, ಎಷ್ಟು ಸುತ್ತಾಯಿತು ಬರೆದುಕೊಳ್ಳಿ. ಗೆರೆಯ ಬಲಭಾಗದ ಮಟ್ಟಸ ಅಂಚು ಎರಡನೇ ಟೇಪಿನ ಮೇಲೆ ಕೂರಬೇಕು. ಎಡಕ್ಕೆ ಏರುವ ಭಾಗವನ್ನು ಹೊಂದಿಸಲು ಹೋಗಬೇಡಿ. ಏರು ಶುರುವಾಗುವ ಮೂಲೆ ನಿಂತ ಟೇಪಿನ ನೇರಕ್ಕೆ ಬಂದರೆ ಎಡ ಬಲ ಸರಿಯಿದೆ, ಎರಡನೇ ಸ್ಕ್ರೂ ಮುಟ್ಟುವುದೇ ಬೇಡ.

ಬಿಳಿ ಪ್ಲಾಸ್ಟಿಕ್ ಹಲ್ಲಿನ ಗಿಯರಿಗೆ ಸ್ಕ್ರೂಡ್ರೈವರ್ ಮೇಲಿನಿಂದ ಇಳಿಸುವ ಮಾದರಿಗಳಲ್ಲಿ ಅದು ಹಲ್ಲಿಗೆ ಸರಿಯಾಗಿ ಕೂತಿರಬೇಕು. ಕಟಕಟ ಅಂದರೆ ಹಲ್ಲು ಸವೆಯುತ್ತಿದೆ, ನಿಲ್ಲಿಸಿ. ಬಿಗಿಯಾದರೆ ಬಲ ಹಾಕಬೇಡಿ, ತಿರುಗುವ ಮಿತಿ ಮುಗಿದಿದೆ. ರೇಡಿಯೇಟರ್ ಫ್ಯಾನು ಯಾವಾಗ ಬೇಕಾದರೂ ತಿರುಗಬಹುದು, ಎಂಜಿನ್ ಆರಿಸಿದ ಮೇಲೂ ಕೆಲವು ಕಾರಿನಲ್ಲಿ ತಿರುಗುತ್ತದೆ. ತೋಳು, ವೇಲ್, ಸರ ಹತ್ತಿರ ಬಾರದಿರಲಿ.

ಒಂದೇ ಬಲ್ಬಿನ ಲೈಟಿನಲ್ಲಿ ಹೈ ಬೀಮ್ ಲೋ ಬೀಮ್ ಜೊತೆಗೇ ಸರಿಯುತ್ತದೆ, ಅದನ್ನು ನೋಡಿ ಸೆಟ್ ಮಾಡಬಾರದು. ಮುಗಿದ ಮೇಲೆ ಚಕ್ರವನ್ನು 0ರಿಂದ 3ರವರೆಗೆ ತಿರುಗಿಸಿ, ಎರಡೂ ಗೆರೆ ಒಂದೇ ಸಮ ಇಳಿಯುತ್ತವಾ ನೋಡಿ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 106ನೇ ನಿಯಮವೂ ಇದೇ ಹೇಳುತ್ತದೆ: ಲೈಟಿನಿಂದ 8 ಮೀಟರ್ ಮುಂದೆ, 1.5 ಮೀಟರ್ ಎತ್ತರದಲ್ಲಿರುವ ಕಣ್ಣು ಕುಕ್ಕಬಾರದು. ಅಷ್ಟು ದೂರದಲ್ಲಿ ಲೈಟಿನ ಬಲಬದಿಗೆ ಅರ್ಧ ಮೀಟರ್ ಸರಿದು ಒಬ್ಬರು ನಿಂತು ನೋಡಲಿ.

ಇಲ್ಲಿ ಕೈ ತೆಗೆಯಿರಿ

ಝೆನಾನ್ ಲೈಟಿನ ಬಲ್ಲಾಸ್ಟ್ (ಬಲ್ಬಿಗೆ ಕರೆಂಟು ಕೊಡುವ ಪೆಟ್ಟಿಗೆ) ಹೊತ್ತಿಸುವಾಗ 20,000 ವೋಲ್ಟ್‌ಗೂ ಹೆಚ್ಚು ಕೊಡುತ್ತದೆ, ಮುಚ್ಚಳ ತೆಗೆಯಬೇಡಿ. ತಾನಾಗಿ ಎತ್ತರ ಹೊಂದಿಸಿಕೊಳ್ಳುವ ಲೈಟಿರುವ ಕಾರಿನಲ್ಲಿ ಹಿಂದಿನ ಆಕ್ಸಲ್ ಹತ್ತಿರ ಸೆನ್ಸರ್ ಇರುತ್ತದೆ. ಅದರ ಕಡ್ಡಿ ಮುರಿದಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ದೀಪ ಬರುತ್ತದೆ, ಸ್ಕ್ಯಾನರ್ ಹಾಕಿ ಸೊನ್ನೆ ಹೊಂದಿಸುವ ಕೆಲಸ ಸರ್ವಿಸ್ ಸೆಂಟರಿನದು. ಕಾರ್ಖಾನೆಯ ಎಲ್‌ಇಡಿ ಲೈಟಿನಲ್ಲಿ ಎತ್ತರದ ಸ್ಕ್ರೂ ಇದ್ದೀತು, ಒಳಗೆ ಬಿಚ್ಚುವಂಥದ್ದು ಏನೂ ಇಲ್ಲ. ಕಾರಿಗೆ ವಾರಂಟಿ ಇದ್ದರೆ ಅಲ್ಲೇ ಮಾಡಿಸಿ.

ಗ್ಯಾರೇಜಿಗೆ ಕೊಡುವುದಾದರೆ ಲೈಟ್ ಟೆಸ್ಟರ್ ಇದೆಯಾ ಕೇಳಿ. ಗಾಲಿಯ ಮೇಲೆ ನಿಂತ, ಮುಂದೆ ದೊಡ್ಡ ಲೆನ್ಸ್ ಇರುವ ಪೆಟ್ಟಿಗೆ ಅದು. ಎದುರಿನ ಅಂಗಡಿ ಷಟರಿಗೆ ಬೆಳಕು ಬಿಟ್ಟು ಅಂದಾಜಿನಲ್ಲಿ ಸೆಟ್ ಮಾಡುವವರಿಗಿಂತ ನೀವು ಟೇಪು ಹಿಡಿದು ಮಾಡಿದ್ದೇ ಎಷ್ಟೋ ವಾಸಿ. ಕೊಡುವ ಮೊದಲು ಡಿಕ್ಕಿಯ ಸಾಮಾನು ಇಳಿಸಿ, ಗಾಳಿ ನೋಡಿಸಿ, ಚಕ್ರ 0ಕ್ಕೆ ತಂದು, ಸೆಟ್ ಮಾಡುವಾಗ ಡ್ರೈವರ್ ಸೀಟಿನಲ್ಲಿ ನೀವೇ ಕೂತಿರಿ.